ಅಪ್ಪ, ಅಮ್ಮ, ಮಗಳ ಜೊತೆ ಕುಳಿತು ನೋಡಬಹುದಾದ ಹಿಂದಿ ಸಿನೆಮಾ, ಸರಣಿ ಯಾವುದಿದೆ?

ಪ್ರಶ್ನೆ: ಅಂಬಲಪಾಡಿ, ಉಡುಪಿ

ತಂದೆಯವರು ಮುಂಬೈಯ ಹೋಟೆಲುಗಳಲ್ಲಿ ದುಡಿದು ಈಗ ಊರಿಗೆ ಬಂದು ನೆಲೆಸಿದ್ದಾರೆ. ಅಮ್ಮನಿಗೆ ದೂರದರ್ಶನದ ಕಾಲದಿಂದಲೂ ಹಿಂದಿ ಚೆನ್ನಾಗಿ ಅರ್ಥವಾಗುತ್ತದೆ. ಮಗಳು ಎಂಟನೆಯ ತರಗತಿ. ರಾತ್ರಿ ಊಟವಾದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ಏನಾದರೂ ನೋಡುವ ರೂಢಿ ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ. ತಂದೆಯವರಿಗೆ ಹಿಂದಿಯೇ ಆಗಬೇಕು. ಕಚೇರಿಯಲ್ಲಿ ಎಲ್ಲರೂ ಹೊಗಳಿದ ಸರಣಿಯೊಂದನ್ನು ಹಾಕಿದೆವು. ಮೊದಲ ದೃಶ್ಯದಲ್ಲೇ ಬೈಗುಳದ ಸುರಿಮಳೆ. ಅಮ್ಮ ಎದ್ದು ಅಡುಗೆಮನೆಗೆ ಹೋದರು, ಮಗಳು ಚಾವಣಿ ನೋಡುತ್ತಾ ಕುಳಿತಳು. ಇತ್ತೀಚಿನ ವರ್ಷಗಳಲ್ಲಿ ಬಂದವುಗಳಲ್ಲಿ ಎಲ್ಲರೂ ಕೂತು ನೋಡಬಹುದಾದದ್ದು ಯಾವುದು, ಯಾವುದನ್ನು ದೂರ ಇಡಬೇಕು, ಯಾವ ಒಟಿಟಿಗೆ ಚಂದಾ ಕಟ್ಟಬೇಕು, ಚಿತ್ರಮಂದಿರಕ್ಕೆ ಹೋಗುವಂಥದ್ದು ಏನಾದರೂ ಇದೆಯೇ? ನೋಡಿದವರು ಹೇಳಿ. ವಿಮರ್ಶಕರ ನಕ್ಷತ್ರ ನೋಡಿ ನೋಡಿ ಸಾಕಾಗಿದೆ.

ಬಿಜೈ, ಮಂಗಳೂರು (ನಿವೃತ್ತ ಹಿಂದಿ ಅಧ್ಯಾಪಕಿ)

"ಗುಲ್ಲಕ್"ನಿಂದ ಶುರು ಮಾಡಿ. ಸೋನಿ ಲಿವ್‌ನಲ್ಲಿದೆ. ಸೀಸನ್ನಿಗೆ ಐದೇ ಕಂತು, ಕಂತಿಗೆ ಅರ್ಧ ಗಂಟೆಯ ಆಸುಪಾಸು. ಊಟ ಮುಗಿಸಿ ಎರಡು ಕಂತು ನೋಡಿದರೂ ಮಗಳ ನಿದ್ದೆಗೆ ತೊಂದರೆಯಿಲ್ಲ. ಉತ್ತರದ ಸಣ್ಣ ಊರೊಂದರಲ್ಲಿ ವಿದ್ಯುತ್ ಇಲಾಖೆಯ ನೌಕರ ಸಂತೋಷ್ ಮಿಶ್ರಾ, ಹೆಂಡತಿ ಶಾಂತಿ, ಇಬ್ಬರು ಗಂಡುಮಕ್ಕಳು. ಕತೆ ಹೇಳುವುದು ಮನೆಯಲ್ಲಿ ಚಿಲ್ಲರೆ ಕೂಡಿಡುವ ಮಣ್ಣಿನ ಡಬ್ಬಿ. ಕತೆ ಎಂದರೂ ದೊಡ್ಡದೇನಿಲ್ಲ: ದೊಡ್ಡವನ ಕೆಲಸ, ಚಿಕ್ಕವನ ಪರೀಕ್ಷೆ, ಪಕ್ಕದ ಮನೆಯಾಕೆಯ ಅತಿ ಕುತೂಹಲ. ಶಾಂತಿಯ ಪಾತ್ರ ಮಾಡಿರುವ ಗೀತಾಂಜಲಿ ಕುಲಕರ್ಣಿ ಮರಾಠಿ ರಂಗಭೂಮಿಯಿಂದ ಬಂದವರು. ಗ್ಯಾಸ್ ಒಲೆಯ ಕಡೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ನಿಂತಾಗಲೂ ಆಕೆಗೆ ಎಷ್ಟು ಸಿಟ್ಟು ಬಂದಿದೆ ಎಂಬುದು ಗೊತ್ತಾಗುತ್ತದೆ. ನಾಲ್ಕನೆಯ ಸೀಸನ್ 2024ರ ಜೂನ್‌ನಲ್ಲಿ ಬಂತು. ಆದರೆ ದಯವಿಟ್ಟು ಮೊದಲಿನಿಂದಲೇ ನೋಡಿ.

ಎರಡನೆಯದು "ಪಂಚಾಯತ್", ಪ್ರೈಮ್ ವಿಡಿಯೋ. ಎಲ್ಲರೂ ಇದನ್ನೇ ಹೇಳುತ್ತಾರೆ, ನಾನೂ ಹೇಳುತ್ತೇನೆ, ಆದರೆ ಸ್ವಲ್ಪ ಷರತ್ತಿನ ಮೇಲೆ. 2020ರಲ್ಲಿ ಬಂದ ಮೊದಲ ಸೀಸನ್, 2022ರ ಎರಡನೆಯದು ನಿಜಕ್ಕೂ ಒಳ್ಳೆಯವು. ಪಟ್ಟಣದ ಹುಡುಗ ಬೇರೆ ಕೆಲಸ ಸಿಗದೆ ಫುಲೇರಾ ಎಂಬ ಹಳ್ಳಿಗೆ ಪಂಚಾಯತ್ ಕಾರ್ಯದರ್ಶಿಯಾಗಿ ಬರುತ್ತಾನೆ. ಪ್ರಧಾನೆಯ ಕುರ್ಚಿ ಹೆಂಡತಿಯದ್ದು, ಅಧಿಕಾರ ಗಂಡನದ್ದು. ಮಹಿಳಾ ಮೀಸಲಾತಿಯ ಈ ಚಿತ್ರ ನಮ್ಮ ಗ್ರಾಮ ಪಂಚಾಯತ್‌ಗಳಿಗೂ ಹೊಸದಲ್ಲವಾದ್ದರಿಂದ ನಿಮ್ಮ ಅಮ್ಮ ನಗುವುದು ಖಂಡಿತ. ಎರಡನೆಯ ಸೀಸನ್ನಿನ ಕೊನೆಯ ಕಂತಿನಲ್ಲಿ ಪ್ರಹ್ಲಾದನ ಪಾತ್ರದ ಫೈಸಲ್ ಮಲಿಕ್ ಅವರನ್ನು ನೋಡಿ. ಅಲ್ಲಿಯವರೆಗೆ ನಗಿಸಿದ ಮನುಷ್ಯ ಹಾಗೆ ಬದಲಾಗುವುದು ಸುಲಭದ ನಟನೆಯಲ್ಲ. ಗೋವಾದ ಭಾರತೀಯ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ 2023ರಲ್ಲಿ ವೆಬ್ ಸರಣಿಗೆಂದು ಮೊದಲ ಬಾರಿ ಪ್ರಶಸ್ತಿ ಕೊಟ್ಟಾಗ ಅದು ಹೋದದ್ದು ಈ ಸೀಸನ್ನಿಗೇ. ಮೂರನೆಯದರಿಂದ ಹಳ್ಳಿಯ ಜಾಗದಲ್ಲಿ ಜಗಳ ಬಂದು ಕೂತಿತು. 2025ರ ಜೂನ್‌ನಲ್ಲಿ ಬಂದ ನಾಲ್ಕನೆಯದಂತೂ ಸೋರೆಕಾಯಿ ಮತ್ತು ಕುಕ್ಕರ್ ಗುರುತುಗಳ ಚುನಾವಣೆಯಲ್ಲೇ ಮುಗಿದುಹೋಗುತ್ತದೆ. ಇಷ್ಟವಾದವರನ್ನು ಮತ್ತೆ ಕಾಣುವ ಆಸೆಗೆ ನಾನೂ ನೋಡಿದೆ. ನೀವೂ ನೋಡುತ್ತೀರಿ, ಬೇಡವೆಂದರೂ ಬಿಡುವುದಿಲ್ಲ. ಬೈಗುಳ ಪೂರ್ತಿ ಇಲ್ಲವೆಂದಲ್ಲ, ಆದರೆ ಚಾವಣಿ ನೋಡುವ ಪ್ರಸಂಗ ಬಾರದು.

ಸಿನೆಮಾಗಳಲ್ಲಿ "ಟ್ವೆಲ್ತ್ ಫೇಲ್" ಮಗಳಿಗೂ ಸೇರಿ. ಚಂಬಲ್ ಕಡೆಯ ಹುಡುಗ, ಶಾಲೆಯೇ ಸಾಮೂಹಿಕವಾಗಿ ನಕಲು ಮಾಡಿಸುವ ಊರಿನಿಂದ ಬಂದವನು, ದಿಲ್ಲಿಯ ಮುಖರ್ಜಿ ನಗರದಲ್ಲಿ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತ ಐಪಿಎಸ್ ಪಾಸಾಗುವ ಕತೆ. ನಿಜ ಜೀವನದ ಅಧಿಕಾರಿ ಮನೋಜ್ ಕುಮಾರ್ ಶರ್ಮಾ ಅವರ ಬದುಕು. ವಿಧು ವಿನೋದ್ ಚೋಪ್ರಾ ನಿರ್ದೇಶನದ ಈ ಸಿನೆಮಾಕ್ಕೆ 2023ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು; ವಿಕ್ರಾಂತ್ ಮ್ಯಾಸಿ ಅತ್ಯುತ್ತಮ ನಟ ಪ್ರಶಸ್ತಿಯನ್ನು ಶಾರುಖ್ ಖಾನ್ ಜೊತೆ ಹಂಚಿಕೊಂಡರು. ಇಂಥ ಕತೆಗಳಲ್ಲಿ ಕೊನೆಗೆ ಗೆಲುವೆಂಬುದು ಮೊದಲೇ ಗೊತ್ತಿರುತ್ತದೆ. ಆದರೂ ಸಂದರ್ಶನದ ದೃಶ್ಯದಲ್ಲಿ ನಾನು ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡೇ ಕೂತಿದ್ದೆ.

"ಲಾಪತಾ ಲೇಡೀಸ್" 2024ರದ್ದು, ಕಿರಣ್ ರಾವ್ ನಿರ್ದೇಶನ, ನೆಟ್‌ಫ್ಲಿಕ್ಸ್. ಉದ್ದ ಮುಸುಕಿನ ಇಬ್ಬರು ಹೊಸ ಮದುಮಗಳಂದಿರು ರೈಲಿನಲ್ಲಿ ಅದಲುಬದಲಾಗುತ್ತಾರೆ. ಭಾಷಣ ಮಾಡದೆ ಇಷ್ಟೆಲ್ಲ ಹೇಳಬಹುದೇ ಎಂದು ಆಶ್ಚರ್ಯವಾಗುತ್ತದೆ. ರೈಲು ನಿಲ್ದಾಣದಲ್ಲಿ ಚಹಾ ಅಂಗಡಿ ಇಟ್ಟ ಮಂಜು ಮಾಯಿಯ ಪಾತ್ರದಲ್ಲಿ ಛಾಯಾ ಕದಮ್ ಇದ್ದಾರೆ. ಅಂಗಡಿ ನಡೆಸಿ ಒಂಟಿಯಾಗಿ ಬದುಕಿದ ಹೆಂಗಸರನ್ನು ಬಲ್ಲ ಊರಿನವರಿಗೆ ಆಕೆ ಅಪರಿಚಿತಳಾಗಿ ಕಾಣುವುದಿಲ್ಲ.

ಇನ್ನೊಂದನ್ನು ಹೇಳದಿರಲಾರೆ: "ಥ್ರೀ ಆಫ್ ಅಸ್", 2023, ನೆಟ್‌ಫ್ಲಿಕ್ಸ್. ನೆನಪು ಕಳೆದುಕೊಳ್ಳುತ್ತಿರುವ ಹೆಂಗಸೊಬ್ಬಳು, ನೆನಪು ಇರುವಾಗಲೇ ತಾನು ಬಾಲ್ಯ ಕಳೆದ ಕೊಂಕಣದ ವೆಂಗುರ್ಲಾಕ್ಕೆ ಗಂಡನೊಡನೆ ಹೋಗುತ್ತಾಳೆ. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ಬಾವಿ, ತೆಂಗು, ಸಮುದ್ರ. ಹಿಂದಿ ಮಾತಾಡುತ್ತಿದ್ದಾರೆ ಎಂಬುದನ್ನು ಬಿಟ್ಟರೆ ಇದು ನಮ್ಮದೇ ಕರಾವಳಿ. ಶೆಫಾಲಿ ಶಾ, ಜೈದೀಪ್ ಅಹ್ಲಾವತ್, ಸ್ವಾನಂದ್ ಕಿರ್ಕಿರೆ ಮೂವರೂ ಗಟ್ಟಿಯಾಗಿ ಒಂದು ಮಾತಾಡುವುದಿಲ್ಲ. ನಿಮ್ಮ ಮಗಳಿಗೆ ಬೇಸರ ಬಂದೀತು. ಅವಳು ಅಜ್ಜಿಮನೆಗೆ ಹೋದ ದಿನ ನೋಡಿ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇದು: ಹಿಂದಿಯವರು ವಿದೇಶದ ಬಂಗಲೆ ಬಿಟ್ಟು ಸಣ್ಣ ಊರಿಗೆ ಇಳಿದಾಗಲೆಲ್ಲ ಒಳ್ಳೆಯ ಕೆಲಸ ಮಾಡಿದ್ದಾರೆ. ಬಂದೂಕು ಹಿಡಿದಾಗ ಎಲ್ಲವೂ ಒಂದೇ ಸಿನೆಮಾದಂತೆ ಕಾಣುತ್ತದೆ. "ಅನಿಮಲ್" ನೋಡಿ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊಗಳಿದ್ದೇ ಹೊಗಳಿದ್ದು. ಅವನಿಗೆ ಏನು ಕಲಿಸಿದೆ ನಾನು ಎಂದು ಚಿಂತೆಯಾಯಿತು.

ಸುರತ್ಕಲ್

ಟೀಚರ್, ನಿಮ್ಮ ಪಟ್ಟಿ ಚೆನ್ನಾಗಿದೆ, ಆದರೆ ಅದರಲ್ಲಿ ಒಂದೂ ಚಿತ್ರಮಂದಿರದಲ್ಲೇ ನೋಡಬೇಕಾದ ಸಿನೆಮಾ ಅಲ್ಲ. ಪ್ರಶ್ನೆ ಕೇಳಿದವರು ಅದನ್ನೂ ಕೇಳಿದ್ದಾರೆ. 2025ರ ಡಿಸೆಂಬರ್‌ನಲ್ಲಿ ಬಂದ "ಧುರಂಧರ್" ಅನ್ನು ದೊಡ್ಡ ಪರದೆಯಲ್ಲಿ ನೋಡಿದೆ. 214 ನಿಮಿಷ, ಎಂದರೆ ಮೂರೂವರೆ ಗಂಟೆ ದಾಟುತ್ತದೆ. ಕಾಲಮಿತಿ ಯಕ್ಷಗಾನದಷ್ಟು ಉದ್ದ, ಅದರಷ್ಟೇ ಚೆಂಡೆಪೆಟ್ಟು. ಕರಾಚಿಯ ಲ್ಯಾರಿ ಬಡಾವಣೆಯ ಗ್ಯಾಂಗುಗಳ ನಡುವೆ ಸೇರಿಕೊಂಡ ಭಾರತೀಯ ಗೂಢಚಾರನ ಕತೆ. ರಣವೀರ್ ಸಿಂಗ್ ನಾಯಕನಾದರೂ ಸಿನೆಮಾವನ್ನು ಕದ್ದವರು ರಹಮಾನ್ ಡಕೈತ್ ಪಾತ್ರದ ಅಕ್ಷಯ್ ಖನ್ನಾ. ಅದೇ ವರ್ಷ ಫೆಬ್ರುವರಿಯಲ್ಲಿ "ಛಾವಾ"ದಲ್ಲಿ ಔರಂಗಜೇಬನಾಗಿ ಬಂದವರೂ ಅವರೇ. ಅಲ್ಲಿ ಕೂತಲ್ಲೇ ಕೂತು ಹೆದರಿಸಿದ ಮನುಷ್ಯ ಇಲ್ಲಿ ಕುಣಿದು ಹೆದರಿಸುತ್ತಾರೆ.

ಮುಂಬೈಯಲ್ಲಿ ಇದ್ದವರಿಗೆ "ಛಾವಾ" ಹಿಡಿಸುತ್ತದೆ, ಏಕೆಂದರೆ ಶಿವಾಜಿಯ ಮಗ ಸಂಭಾಜಿ ಮಹಾರಾಜರ ಕತೆ ಅವರ ಕಿವಿಗೆ ಬಿದ್ದಿರುತ್ತದೆ. ವಿಕ್ಕಿ ಕೌಶಲ್ ಜೀವ ಕೊಟ್ಟು ನಟಿಸಿದ್ದಾರೆ. ಕೊನೆಯ ಭಾಗದ ಚಿತ್ರಹಿಂಸೆ ಮಾತ್ರ ಉದ್ದವಾಯಿತು. ನನ್ನ ಪಕ್ಕದ ಆಸನದವರು ಕಣ್ಣು ಮುಚ್ಚಿಕೊಂಡಿದ್ದರು.

ಮನೆಯಲ್ಲಿ ನೋಡುವುದಾದರೆ "ದ ರೈಲ್ವೇ ಮೆನ್". ನೆಟ್‌ಫ್ಲಿಕ್ಸ್, ನಾಲ್ಕೇ ಕಂತು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಹರಡಿದಾಗ ರೈಲು ನಿಲ್ದಾಣದ ನೌಕರರು ಏನು ಮಾಡಿದರು ಎಂಬುದು ವಸ್ತು. ಕೆಲವು ಪಾತ್ರ ಕಲ್ಪಿತ, ಹಿನ್ನೆಲೆ ಸಂಗೀತ ಜಾಸ್ತಿ. ಆದರೂ ದೊಡ್ಡ ಕಾರ್ಖಾನೆಗಳ ಮಗ್ಗುಲಲ್ಲಿ ಮನೆ ಮಾಡಿಕೊಂಡ ನನ್ನಂಥವರು ಅದನ್ನು ಬರೀ ಕತೆಯೆಂದು ನೋಡಲಾರರು.

ಕುಂದಾಪುರ (ಮುಂಬೈಯಿಂದ ಮರಳಿದವರು)

ನಿಮ್ಮ ತಂದೆಯವರು ನಡೆದ ದಾರಿಯಲ್ಲೇ ನಡೆದವನು ನಾನೂ. ಹಗಲು ಹೋಟೆಲಿನ ಗಲ್ಲಾಪೆಟ್ಟಿಗೆ, ಸಂಜೆ ಕನ್ನಡ ರಾತ್ರಿಶಾಲೆ, ರಜೆಯ ದಿನ ಹಿಂದಿ ಸಿನೆಮಾ. ನಮ್ಮ ಹಿಂದಿಯನ್ನು ಯಾವ ಟೀಚರೂ ಕಲಿಸಲಿಲ್ಲ, ಗಿರಾಕಿಗಳು ಕಲಿಸಿದರು. ಅದಕ್ಕೇ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಮುಂಬೈ ಹಿಂದಿ ಬಲ್ಲವರಿಗೆ "ಪಂಚಾಯತ್"ನ ಪೂರ್ವ ಉತ್ತರಪ್ರದೇಶದ ಧಾಟಿ ಮೊದಲಿಗೆ ತೊಡಕಾಗಬಹುದು. ತಂದೆಯವರು "ಇದೆಂಥ ಹಿಂದಿ" ಎಂದು ಎದ್ದು ಹೋದರೆ ಬಿಡಬೇಡಿ. ಹಿಂದಿಯದ್ದೇ ಉಪಶೀರ್ಷಿಕೆ ಸಿಕ್ಕರೆ ಹಾಕಿ. ಮುಂಬೈಯ ಬೆಸ್ಟ್ ಬಸ್ಸಿನ ಫಲಕ ಓದಿ ಅಭ್ಯಾಸವಾದ ಕಣ್ಣಿಗೆ ದೇವನಾಗರಿ ಕಷ್ಟವಲ್ಲ. ಎರಡನೆಯ ಕಂತಿಗೆ ಕಿವಿ ಒಗ್ಗುತ್ತದೆ.

ತಂದೆಯವರೊಬ್ಬರಿಗೇ ಎಂದಾದರೆ "ಸ್ಕ್ಯಾಮ್ 1992". ಸ್ವಲ್ಪ ಹಳೆಯದು, 2020ರದ್ದು, ಸೋನಿ ಲಿವ್, ಹತ್ತು ಕಂತು. ಷೇರು ದಲ್ಲಾಳಿ ಹರ್ಷದ್ ಮೆಹ್ತಾನ ಏರು, ಇಳಿವು. ಆ ದಿನಗಳಲ್ಲಿ ನಮ್ಮ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಗುಮಾಸ್ತರು ಕೂಡ ಸಿಮೆಂಟ್ ಕಂಪೆನಿಯ ಷೇರಿನ ಬೆಲೆಯನ್ನೇ ಮಾತಾಡುತ್ತಿದ್ದರು. ಬ್ಯಾಂಕುಗಳ ನಡುವಿನ ರಸೀದಿಗಳನ್ನು ಹಿಡಿದುಕೊಂಡು ಇಲ್ಲದ ಸರಕಾರಿ ಬಾಂಡುಗಳ ಮೇಲೆ ದುಡ್ಡು ಎತ್ತಿದ ಬಗೆಯನ್ನು ಈ ಸರಣಿ ಯಾವ ಪತ್ರಿಕೆಗಿಂತಲೂ ಚೆನ್ನಾಗಿ ಬಿಡಿಸಿ ಹೇಳುತ್ತದೆ. ಬ್ಯಾಂಕುಗಳ ತವರೂರಿನವರು ನಾವು. ಮನೆಗೊಬ್ಬ ಬ್ಯಾಂಕಿನವರಿರುವ ಜಿಲ್ಲೆಯಲ್ಲಿ ಇದಕ್ಕೆ ವಿವರಣೆ ಕೊಡುವವರಿಗೇನೂ ಬರವಿಲ್ಲ. ಪ್ರತೀಕ್ ಗಾಂಧಿಯ ನಟನೆಗೆ ಎರಡು ಮಾತಿಲ್ಲ. ಬೈಗುಳವಿದೆ, ಮಗಳು ಮಲಗಿದ ಮೇಲೆ.

ಎಲ್ಲರಿಗೂ ಎಂದಾದರೆ "ಸೂಪರ್‌ಬಾಯ್ಸ್ ಆಫ್ ಮಾಲೆಗಾಂವ್", 2025, ಪ್ರೈಮ್. ರೀಮಾ ಕಾಗ್ತಿ ನಿರ್ದೇಶನ. ಮಹಾರಾಷ್ಟ್ರದ ಮಾಲೆಗಾಂವ್ ಮಗ್ಗದ ಊರು. ಅಲ್ಲಿನ ನಾಸಿರ್ ಶೇಖ್ ಎಂಬ ಹುಡುಗ ಗೆಳೆಯರನ್ನು ಕಟ್ಟಿಕೊಂಡು, ಇದ್ದಬದ್ದ ಸಾಮಾನಿನಲ್ಲಿ, ದೊಡ್ಡ ಸಿನೆಮಾಗಳ ಅಣಕು ಸಿನೆಮಾ ಮಾಡಿ ತನ್ನೂರಿನಲ್ಲೇ ಓಡಿಸಿದ. ನಡೆದ ಸಂಗತಿ. ನಾನು ಅದನ್ನು ನೋಡುತ್ತಾ ಪೂರ್ತಿ ತುಳು ಸಿನೆಮಾದವರನ್ನೇ ನೆನೆಯುತ್ತಿದ್ದೆ. 1971ರಲ್ಲಿ "ಎನ್ನ ತಂಗಡಿ"ಯಿಂದ ಶುರುವಾಗಿ ಇಂದಿನವರೆಗೆ ನಾಲ್ಕು ತಾಲೂಕಿನ ಪ್ರೇಕ್ಷಕರನ್ನೇ ನಂಬಿ, ನಾಟಕದ ಕಲಾವಿದರನ್ನೇ ಕರೆತಂದು ಸಿನೆಮಾ ಮಾಡುತ್ತಿರುವವರ ಪಾಡೂ ಬೇರೆಯಲ್ಲ. ಚಿತ್ರಮಂದಿರದಲ್ಲಿ ಈ ಸಿನೆಮಾ ಬಂದದ್ದೂ ಹೋದದ್ದೂ ಯಾರಿಗೂ ತಿಳಿಯಲಿಲ್ಲ. ಇಂಥವುಗಳಿಗೇ ಒಟಿಟಿ ಬೇಕು.

ಛಾಯಾ ಕದಮ್ ಹೆಸರು ಬಂತಲ್ಲ, ಆಕೆಯೇ ಇರುವ "ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್" ಮುಂಬೈಯಲ್ಲಿ ಬಾಡಿಗೆ ಕೋಣೆಯ ಬದುಕು ಕಂಡವರೆಲ್ಲ ನೋಡಬೇಕಾದದ್ದು. ಮಾತು ಹೆಚ್ಚಿನಂಶ ಮಲಯಾಳ, ನಡುವೆ ಹಿಂದಿ, ಮರಾಠಿ. ಪಾಯಲ್ ಕಪಾಡಿಯಾ ನಿರ್ದೇಶನದ ಇದಕ್ಕೆ 2024ರಲ್ಲಿ ಕಾನ್ ಚಲನಚಿತ್ರೋತ್ಸವದ ಗ್ರ್ಯಾಂಡ್ ಪ್ರಿ ಪ್ರಶಸ್ತಿ ಬಂತು. ಮಳೆಗಾಲದ ಲೋಕಲ್ ರೈಲು, ಕಟ್ಟಡ ಕಟ್ಟುವವರು ಮನೆ ಖಾಲಿ ಮಾಡಿಸಲು ಕೊಡುವ ಕಾಟ, ಕೊನೆಗೆ ಊರಿಗೆ ಮರಳುವ ಹೆಂಗಸು. ಇದು ದೊಡ್ಡವರಿಗೆ ಮಾತ್ರ.

ಹೊಸದನ್ನು ಕೇಳಿದ್ದೀರಿ, ಗೊತ್ತು. ಆದರೂ ನಮ್ಮ ಪಡುಕೋಣೆ ಹೆಸರಿನ ನಟ, ನಿರ್ದೇಶಕ ಗುರುದತ್ ಹುಟ್ಟಿ 2025ರ ಜುಲೈಗೆ ನೂರು ವರ್ಷವಾಯಿತು. ಆಗಸ್ಟ್‌ನಲ್ಲಿ ಅವರ ಸಿನೆಮಾಗಳ ಪ್ರತಿಗಳನ್ನು ಸರಿಪಡಿಸಿ ದೇಶದ ಹಲವೆಡೆ ಚಿತ್ರಮಂದಿರಗಳಲ್ಲಿ ಮತ್ತೆ ತೋರಿಸಿದರು. "ಪ್ಯಾಸಾ" ಹಾಕಿದರೆ ನಿಮ್ಮ ತಂದೆಯವರು ಹೊಸದರ ಸುದ್ದಿಯನ್ನೇ ಎತ್ತಲಿಕ್ಕಿಲ್ಲ.

ಮಣಿಪಾಲ (ಇಬ್ಬರು ಮಕ್ಕಳ ತಾಯಿ)

ಎಂಟನೆಯ ತರಗತಿಯ ಮಗಳ ಮಟ್ಟಿಗೆ ಕೆಲವು ಕೆಲಸದ ಮಾತು. ಯಾವುದೇ ಸರಣಿ ಶುರುವಾಗುವಾಗ ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ವಯಸ್ಸಿನ ಗುರುತು ಬರುತ್ತದೆ, ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿಯವರು ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂದು ಐದು ಬಗೆ ಮಾಡಬೇಕು. 13+ ಮತ್ತು ಅದಕ್ಕಿಂತ ಮೇಲಿನದ್ದಕ್ಕೆ ಬೀಗ ಹಾಕುವ ಸೌಲಭ್ಯವನ್ನೂ ಕೊಡಬೇಕು. ಗುರುತಿನ ಪಕ್ಕದಲ್ಲೇ ಬೈಗುಳ, ಹಿಂಸೆ, ನಗ್ನತೆ ಎಂದು ಕಾರಣವನ್ನೂ ಬರೆದಿರುತ್ತಾರೆ. ಕಚೇರಿಯವರ ಹೊಗಳಿಕೆಗಿಂತ ಈ ಸಾಲು ನಂಬಿಕೆಗೆ ಅರ್ಹ. ಚಿತ್ರಮಂದಿರದ ಪ್ರಮಾಣಪತ್ರಗಳಲ್ಲೂ ಯುಎ ಎಂಬುದನ್ನು 2024ರ ಕೊನೆಯಿಂದ ಹೀಗೆಯೇ 7, 13, 16 ಎಂದು ಒಡೆದಿದ್ದಾರೆ.

ಚಂದಾ ವಿಷಯ. ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ. ಒಂದು ತಿಂಗಳು ಒಂದು. ಸೋನಿ ಲಿವ್ ಹಾಕಿ "ಗುಲ್ಲಕ್" ಮುಗಿಸಿ, ಬಿಡಿ, ಮುಂದಿನ ತಿಂಗಳು ಪ್ರೈಮ್, ಆಮೇಲೆ ನೆಟ್‌ಫ್ಲಿಕ್ಸ್. ತನ್ನಿಂದ ತಾನೇ ಮುಂದುವರಿಯುವ ಪಾವತಿಯನ್ನು ಕಟ್ಟಿದ ದಿನವೇ ನಿಲ್ಲಿಸಿ, ತಿಂಗಳು ಪೂರ್ತಿ ಹೇಗೂ ನಡೆಯುತ್ತದೆ. ಅಗ್ಗವೆಂದು ಮೊಬೈಲ್‌ಗೆ ಮಾತ್ರವಿರುವ ಯೋಜನೆ ತೆಗೆದುಕೊಂಡರೆ ಟಿವಿಯಲ್ಲಿ ಓಡುವುದಿಲ್ಲ. ಪ್ರೈಮ್‌ನಲ್ಲಿ 2025ರ ಜೂನ್‌ನಿಂದ ನಡುವೆ ಜಾಹೀರಾತು ಬರುತ್ತದೆ, ಬೇಡವೆಂದರೆ ಇನ್ನಷ್ಟು ಕಟ್ಟಬೇಕು. ನಾವು ಆ ಹೊತ್ತಿನಲ್ಲಿ ಪಾತ್ರೆ ತೊಳೆಯುತ್ತೇವೆ.

ಮಗಳಿಗೆ "ಸಿತಾರೆ ಜಮೀನ್ ಪರ್" ಖಂಡಿತ ತೋರಿಸಿ. 2025ರ ಆಮಿರ್ ಖಾನ್ ಸಿನೆಮಾ, ಮೂಲ ಸ್ಪೇನಿನದ್ದು. ಶಿಕ್ಷೆಯಾಗಿ ಬೌದ್ಧಿಕ ಭಿನ್ನತೆಯುಳ್ಳ ಆಟಗಾರರಿಗೆ ಬಾಸ್ಕೆಟ್‌ಬಾಲ್ ಕಲಿಸಬೇಕಾಗಿ ಬಂದ ತರಬೇತುದಾರ. ಆ ಪಾತ್ರಗಳನ್ನು ಅಂಥ ಭಿನ್ನತೆಯುಳ್ಳವರೇ ಮಾಡಿದ್ದಾರೆ, ಮತ್ತು ಆಮಿರ್‌ಗಿಂತ ಚೆನ್ನಾಗಿ ಮಾಡಿದ್ದಾರೆ. ಚಿತ್ರಮಂದಿರದ ನಂತರ ಒಟಿಟಿಗೆ ಕೊಡದೆ ಯೂಟ್ಯೂಬ್‌ನಲ್ಲಿ 100 ರೂಪಾಯಿ ಬಾಡಿಗೆಗೆ ಬಿಟ್ಟರು. ಇಡೀ ಮನೆ ನೂರು ರೂಪಾಯಿಯಲ್ಲಿ ನೋಡಿದೆವು. ಉಪದೇಶ ಸ್ವಲ್ಪ ಹೆಚ್ಚು, ಆದರೆ ಆ ವಯಸ್ಸಿಗೆ ನಡೆಯುತ್ತದೆ. "ಮೈದಾನ್" ಕೂಡ ಹಾಕಿ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಫುಟ್‌ಬಾಲ್ ಚಿನ್ನ ಗೆದ್ದುಕೊಟ್ಟ ತರಬೇತುದಾರ ಎಸ್. ಎ. ರಹೀಮ್ ಅವರ ಬಗ್ಗೆ. ಆ ಪಂದ್ಯವನ್ನು ನಾವು ಗೆದ್ದಿದ್ದೇವೆ ಎಂಬುದೇ ನನ್ನ ಮಗನಿಗೆ ಗೊತ್ತಿರಲಿಲ್ಲ.

"ಸೈಯಾರಾ" ಬಗ್ಗೆ ಮಗಳು ಕೇಳಿಯೇ ಕೇಳುತ್ತಾಳೆ. ಹಾಡುಗಳು ಚೆನ್ನ, ಉಳಿದದ್ದು ಅಳು. ನೋಡಲಿ ಬಿಡಿ, ನಾವೂ ಆ ವಯಸ್ಸಿನಲ್ಲಿ ಅಂಥದ್ದನ್ನೇ ನೋಡಿದ್ದೆವು.

"ಕೋಟಾ ಫ್ಯಾಕ್ಟರಿ" ಮಾತ್ರ ಮಗಳು ಪಿಯುಸಿಗೆ ಬಂದ ಮೇಲೆ, ನೀವೂ ಜೊತೆಗೆ ಕೂತು. ಬಹುಪಾಲು ಕಪ್ಪು ಬಿಳುಪು. ರಾಜಸ್ಥಾನದ ಕೋಟಾದಲ್ಲಿ ಐಐಟಿ ಪ್ರವೇಶ ಪರೀಕ್ಷೆಗೆ ಓದುವ ಮಕ್ಕಳ ಹಾಸ್ಟೆಲು ಬದುಕು. ರಾಜ್ಯದ ಮೂಲೆಮೂಲೆಯಿಂದ ಪಿಯುಸಿಗೆ ಮಕ್ಕಳನ್ನು ತಂದು ಬಿಡುವ ನಮ್ಮ ಎರಡು ಜಿಲ್ಲೆಗಳ ತಂದೆತಾಯಂದಿರಿಗೆ ಅದನ್ನು ಕಡ್ಡಾಯ ಮಾಡಬೇಕು ಎಂಬುದು ನನ್ನ ವಾದ. ರ‍್ಯಾಂಕಿನ ಫಲಕದಲ್ಲಿ ಕಾಣದ ಮಕ್ಕಳೇ ಅದರ ತುಂಬ ಇದ್ದಾರೆ. ಬೈಗುಳವಿದೆ. ಅದಕ್ಕೇ ಈಗ ಬೇಡ ಎಂದದ್ದು.

ಕಟಪಾಡಿ

ಯಾರೂ "ಮಿಸೆಸ್" ಹೆಸರು ಎತ್ತಲಿಲ್ಲವಲ್ಲ! ಜೀ ಫೈವ್, 2025ರ ಫೆಬ್ರುವರಿ. ಮಲಯಾಳದ "ದ ಗ್ರೇಟ್ ಇಂಡಿಯನ್ ಕಿಚನ್" ಅನ್ನು ಹಿಂದಿಗೆ ತಂದಿದ್ದಾರೆ. ಸಾನ್ಯಾ ಮಲ್ಹೋತ್ರಾ ನೃತ್ಯ ಬಲ್ಲ ಹುಡುಗಿ, ಮದುವೆಯಾಗಿ ಅಡುಗೆಮನೆ ಸೇರುತ್ತಾಳೆ. ಗಂಡ ಸ್ತ್ರೀರೋಗ ತಜ್ಞ, ಮಾವ ಮೆಲುದನಿಯ ಸಭ್ಯ ಮನುಷ್ಯ. ಯಾರೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ಫುಲ್ಕಾ ಆಗಷ್ಟೇ ಉಬ್ಬಿ ತಟ್ಟೆಗೆ ಬರಬೇಕು, ಚಟ್ನಿ ಕಲ್ಲಿನಲ್ಲೇ ಅರೆದಿರಬೇಕು, ಅಷ್ಟೇ.

ಅತ್ತೆಯವರ ಜೊತೆ ನೋಡಿದೆ. ಕಲ್ಲಿನ ಚಟ್ನಿಯ ಮಾತು ಬಂದಾಗ ಅವರು, "ನಮ್ಮ ಮಾವನಿಗೂ ಮಿಕ್ಸಿಯ ಮಸಾಲೆ ಆಗುತ್ತಿರಲಿಲ್ಲ. ಮೀನಿನ ಗಸಿಗೆ ಕಡೆಯುವ ಕಲ್ಲಿನಲ್ಲೇ ಆಗಬೇಕಿತ್ತು" ಎಂದರು. ರುಚಿಯ ಬಗ್ಗೆ ಹೇಳುತ್ತಿದ್ದಾರೆಂದು ನಾನು ತಿಳಿದರೆ, ಆಮೇಲೆ ರಟ್ಟೆ ನೋವಿನ ಕತೆ ಬಂತು, ಬಸುರಿಯಾಗಿದ್ದಾಗ ಕಲ್ಲಿನ ಮುಂದೆ ಕೂತದ್ದು ಬಂತು. ನಾನು ಈ ಮನೆಗೆ ಬಂದ ಮೇಲೆ ಮೊದಲ ಬಾರಿ ಕೇಳಿದ ಸಂಗತಿಗಳು. ಗಂಡ ನಡುವೆ ಮೊಬೈಲ್ ತೆಗೆದುಕೊಂಡು ಹೊರಗೆ ಹೋದರು. ಮರುದಿನ ಬೆಳಿಗ್ಗೆ ಚಹಾ ಅವರೇ ಮಾಡಿದರು, ಅದರ ಮರುದಿನ ಮಾಡಲಿಲ್ಲ. ಒಂದು ಸಿನೆಮಾದಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು.

ಮಲಯಾಳದ ಮೂಲಕ್ಕೆ ಹೋಲಿಸಿದರೆ ಹಿಂದಿಯದ್ದು ಸ್ವಲ್ಪ ಮೆದು. ಅಲ್ಲಿನ ಕೊಳಕು ಸಿಂಕು, ಸೋರುವ ಪೈಪು ಮೂಗಿಗೇ ಬಡಿಯುತ್ತಿತ್ತು. ಇಲ್ಲಿ ಅಡುಗೆಮನೆ ಚೆಂದ ಕಾಣುತ್ತದೆ. ಹಾಸಿಗೆಯ ಕೆಲವು ದೃಶ್ಯಗಳಿವೆ, ಮಗಳ ಮುಂದೆ ಬೇಡ. ತಂದೆಯವರ ಮುಂದೆ ಹಾಕಬೇಕೋ ಬೇಡವೋ ನಿಮ್ಮ ಧೈರ್ಯಕ್ಕೆ ಬಿಟ್ಟದ್ದು. ಹೋಟೆಲಿನಲ್ಲಿ ದುಡಿದವರಿಗೆ ಅಡುಗೆಯ ಶ್ರಮ ಏನೆಂದು ಗೊತ್ತಿರುತ್ತದೆ, ಬಹುಶಃ ಅವರೇ ಎಲ್ಲರಿಗಿಂತ ಚೆನ್ನಾಗಿ ನೋಡಿಯಾರು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆ. "ಗುಲ್ಲಕ್" ಶುರು ಮಾಡಿದ್ದೇವೆ, ಅಮ್ಮ ಕೂತಲ್ಲಿಂದ ಏಳಲಿಲ್ಲ. ಮಗಳದ್ದು ಒಂದೇ ಹಟ: ಭೂತದ ಸಿನೆಮಾ ಬೇಕಂತೆ. "ಸ್ತ್ರೀ 2", "ಮುಂಜ್ಯಾ" ಎಂದು ಹೆಸರನ್ನೂ ಅವಳೇ ಹೇಳುತ್ತಾಳೆ. ತೋರಿಸಬಹುದೇ?

ಮೂಲ್ಕಿ

ಮಾರಾಯರೇ, ಮೊದಲು ಮಗಳಿಗೆ ನಾವು ಪೂಜಿಸುವ ಭೂತ ಬೇರೆ, ದೆವ್ವ ಬೇರೆ ಎಂದು ತಿಳಿಸಿ! ಹಿಂದಿಯವರು ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ನೇಮದ ದಿನ ಮನೆಯಂಗಳದಲ್ಲಿ ದೈವದ ನುಡಿ ಕೇಳುವವರಿಗೆ ಆ ಸಿನೆಮಾಗಳ ಕಿರುಚಾಟ ತಮಾಷೆಯಾಗಿಯೇ ಕಾಣುತ್ತದೆ.

"ಮುಂಜ್ಯಾ" ತೋರಿಸಿ. 2024ರ ಜೂನ್‌ನಲ್ಲಿ ಬಂದದ್ದು, ಆದಿತ್ಯ ಸರ್‌ಪೋತ್ದಾರ್ ನಿರ್ದೇಶನ. ಮುಂಜಿಯಾದ ಕೆಲವೇ ದಿನಗಳಲ್ಲಿ ಸತ್ತ ಹುಡುಗ ಮರ ಹಿಡಿದು ಕೂರುತ್ತಾನೆಂಬ ಮರಾಠಿ ಕೊಂಕಣದ ನಂಬಿಕೆ ಅದರ ಬೇರು. ಬ್ರಹ್ಮರಾಕ್ಷಸ ಕೂತಿರುವ ಮರವನ್ನು ಸಂಜೆ ಹೊತ್ತು ಬಳಸಿ ಹೋಗುವ ನಮ್ಮ ಹಳ್ಳಿಗಳವರಿಗೆ ಅದರ ಗುಟ್ಟನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲರ್ಧ ಹೆದರಿಸುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಮಾಡಿದ ಆ ಮುಂಜ್ಯಾ ಅತಿಯಾಗಿ ಬಾಯಿಬಿಟ್ಟು ಹೆದರಿಕೆ ಕಳೆಯುತ್ತದೆ. ಅಜ್ಜಿಯ ಪಾತ್ರ ಚೆನ್ನಾಗಿದೆ.

"ಸ್ತ್ರೀ 2"ರಲ್ಲಿ ದ್ವಂದ್ವಾರ್ಥದ ಮಾತು ಬಹಳ. ಮೊದಲ ಭಾಗವೇ ಮೇಲು. ಚಂದೇರಿಯ ಗೋಡೆಗಳ ಮೇಲೆ "ಓ ಸ್ತ್ರೀ, ನಾಳೆ ಬಾ" ಎಂದು ಬರೆದಿಡುವುದನ್ನು ನೋಡಿದರೆ, ಕರ್ನಾಟಕದ ಊರುಗಳಲ್ಲಿ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದ ದಿನಗಳನ್ನು ಕಂಡ ಅಮ್ಮನವರ ಬಳಿ ಅದಕ್ಕಿಂತ ಒಳ್ಳೆಯ ಕತೆ ಇರಬಹುದು. ಕೇಳಿ ನೋಡಿ.

ಬಿಜೈ, ಮಂಗಳೂರು

ಸುರತ್ಕಲ್‌ನ ತಮ್ಮನಿಗೆ ಒಂದು ಮಾತು: "ಧುರಂಧರ್"ಗೆ ಎ ಪ್ರಮಾಣಪತ್ರವಿದೆ. ಎಂಟನೆಯ ತರಗತಿಯ ಹುಡುಗಿಯನ್ನು ಒಳಗೆ ಬಿಡುವುದಿಲ್ಲ, ಬಿಡಬಾರದು ಕೂಡ. ಅಕ್ಷಯ್ ಖನ್ನಾ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ.

ಚಿತ್ರಮಂದಿರಕ್ಕೆ ಹೋಗುವುದಾದರೆ ವಾರಾಂತ್ಯ ಬಿಟ್ಟು, ವಾರದ ನಡುವಿನ ಬೆಳಗಿನ ಆಟಕ್ಕೆ ಹೋಗಿ. ಹಿರಿಯರಿಗೆ ಗದ್ದಲವಿಲ್ಲ, ಬೆಲೆಯೂ ಕಡಿಮೆ. ಟಿಕೆಟಿಗೆ 200 ರೂಪಾಯಿ ಮಿತಿ ಎಂದು ಸರಕಾರ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮಕ್ಕೆ ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಆದ್ದರಿಂದ ಅದನ್ನು ನಂಬಿ ನಾಲ್ಕೈದು ಮಂದಿಯ ಲೆಕ್ಕ ಹಾಕಿಕೊಂಡು ಹೋಗಬೇಡಿ. ಪಾಪ್‌ಕಾರ್ನಿನ ಬೆಲೆಯ ಬಗ್ಗೆ ನಾನು ಬರೆಯಲು ಹೊರಟರೆ ಇದು ಬೇರೆಯೇ ಪ್ರಬಂಧವಾದೀತು.

ಕೊಟ್ಟಾರ, ಮಂಗಳೂರು

"ಹೋಮ್‌ಬೌಂಡ್" ಅನ್ನು ಯಾರೂ ಹೇಳದೆ ಈ ಚರ್ಚೆ ಮುಗಿಯಬಾರದು. ನೀರಜ್ ಘೇವಾನ್ ನಿರ್ದೇಶನ, 2025, ಭಾರತದಿಂದ ಆಸ್ಕರ್‌ಗೆ ಕಳುಹಿಸಿದ್ದು. ಉತ್ತರದ ಹಳ್ಳಿಯ ಇಬ್ಬರು ಗೆಳೆಯರು, ಒಬ್ಬ ದಲಿತರ ಹುಡುಗ ಚಂದನ್, ಇನ್ನೊಬ್ಬ ಮುಸ್ಲಿಂ. ಪೊಲೀಸ್ ಕಾನ್‌ಸ್ಟೇಬಲ್ ಕೆಲಸ ಸಿಕ್ಕರೆ ಸಮವಸ್ತ್ರದ ಮರ್ಯಾದೆಯಾದರೂ ಸಿಕ್ಕೀತು ಎಂದು ಪರೀಕ್ಷೆ ಬರೆಯುತ್ತಾರೆ. ಫಲಿತಾಂಶ ಕಾಯುತ್ತಾ ಸೂರತ್‌ನ ಬಟ್ಟೆ ಗಿರಣಿ ಸೇರುತ್ತಾರೆ, ಅಷ್ಟರಲ್ಲಿ 2020ರ ಲಾಕ್‌ಡೌನ್. ವಿಶಾಲ್ ಜೇಠ್ವಾ, ಇಶಾನ್ ಖಟ್ಟರ್ ಇಬ್ಬರೂ ನಟರೆಂಬುದೇ ಮರೆತುಹೋಗುತ್ತದೆ. ಅರ್ಜಿಯಲ್ಲಿ ಜಾತಿಯ ಕಾಲಂ ತುಂಬುವಾಗ ಚಂದನ್ ಅನುಭವಿಸುವ ಹಿಂಜರಿಕೆಯನ್ನು ಹಿಂದಿಯ ದೊಡ್ಡ ನಿರ್ಮಾಣ ಸಂಸ್ಥೆಯ ಸಿನೆಮಾದಲ್ಲಿ ನೋಡುತ್ತೇನೆಂದು ನಾನು ಎಣಿಸಿರಲಿಲ್ಲ.

ಇದನ್ನು ಊಟದ ನಂತರ ಎಲ್ಲರೂ ಕೂತು ನೋಡುವ ಪಟ್ಟಿಗೆ ಸೇರಿಸಬೇಡಿ. ಆದರೆ ತಂದೆಯವರ ಜೊತೆ ನೀವು ಕೂತು ನೋಡಿ. ಆ ವರ್ಷದ ಮೇ ತಿಂಗಳಲ್ಲಿ ಮುಂಬೈಯಿಂದ ಉಡುಪಿಗೆ ಬಂದವರು ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್‌ನಲ್ಲಿ ಇದ್ದರಲ್ಲ. ಅದಕ್ಕೂ ಹಿಂದಿನ ವರ್ಷದವರೆಗೆ ಜಾತ್ರೆಗೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅವರದ್ದೇ ದೇಣಿಗೆ ಬೇಕಿತ್ತು, ಆ ಮೇ ತಿಂಗಳಲ್ಲಿ ಮಾತ್ರ ಅವರು ರೋಗ ತಂದವರಾದರು. ಹೋಟೆಲಿನಲ್ಲಿದ್ದ ನನ್ನ ಸೋದರಮಾವ ಶಾಲೆಯ ಬೆಂಚಿನ ಮೇಲೆ ಮಲಗಿದ್ದಾಗ, ಬುತ್ತಿಯನ್ನು ಗೇಟಿನ ಹೊರಗಿಟ್ಟು ಬಂದ ನೆಂಟರೇ ಹೆಚ್ಚು. ಅವರು ಇಂದಿಗೂ ಅದರ ಬಗ್ಗೆ ತಾವಾಗಿ ಮಾತೆತ್ತುವುದಿಲ್ಲ. ಈ ಸಿನೆಮಾ ನೋಡಿದ ದಿನ ಸುಮಾರು ಹೊತ್ತು ಮಾತಾಡಿದರು, ಹೆಸರು ಹಿಡಿದು ಮಾತಾಡಿದರು. ನನಗೆ ಆ ಹೆಸರುಗಳಲ್ಲಿ ಒಂದೆರಡು ಹತ್ತಿರದವೇ ಆಗಿದ್ದವು.

ನೆಟ್‌ಫ್ಲಿಕ್ಸ್‌ನಲ್ಲಿದೆ, ಎರಡು ಗಂಟೆಯ ಸಿನೆಮಾ. ಮಣಿಪಾಲದವರು ಹೇಳಿದಂತೆ ಒಂದು ತಿಂಗಳ ಚಂದಾ ಕಟ್ಟುವುದಾದರೆ "ಲಾಪತಾ ಲೇಡೀಸ್", "ಥ್ರೀ ಆಫ್ ಅಸ್", "ದ ರೈಲ್ವೇ ಮೆನ್" ಜೊತೆಗೆ ಇದೂ ಅದೇ ತಿಂಗಳಲ್ಲಿ ಮುಗಿಯುತ್ತದೆ.